ಹೊಡೆದಾಟದ ಟಾಕೀಸಿನ ಉಜ್ಜಿನಪ್ಪ

ಕರಾಟೆ ಮಾಸ್ತರ ಕ್ರಾಂತಿಕುಮಾರ್ ಲೆಕ್ಕ ಹಾಕಿದ್ದು ಕೊಟ್ಟೂರಿನ ಒಂದು ಹೋಟೆಲಿನಲ್ಲಿ, ಮಿರ್ಚಿ ಕಟ್ಟಿಕೊಟ್ಟಿದ್ದ ಕಾಗದದ ಮೇಲೆ. ಎಣ್ಣೆ ಹತ್ತಿದ ಕಡೆ ಪೆನ್ನು ಮೂಡುತ್ತಿರಲಿಲ್ಲ. ಮೂಡಿದಷ್ಟರಲ್ಲೇ ಅವನಿಗೆ ಲಾಭ ಕಾಣಿಸಿತು. ಐದು ಊರುಗಳಲ್ಲಿ ಅವನ ಕ್ಲಾಸುಗಳಿದ್ದವು. ಕೂಡ್ಲಿಗಿಯಲ್ಲಿ ಅರವತ್ತು ಮಕ್ಕಳು, ಕೊಟ್ಟೂರಿನಲ್ಲಿ ಎಪ್ಪತ್ತು, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿಯಲ್ಲಿ ನಲವತ್ತು ನಲವತ್ತು, ಅವನ ಸ್ವಂತ ಊರು ಹರಪನಹಳ್ಳಿಯಲ್ಲಿ ಎಂಬತ್ತು. ಒಟ್ಟು ಇನ್ನೂರ ತೊಂಬತ್ತು.

"ಇವರೆಲ್ಲ ನಮ್ಮ ಗಿರಾಕಿಗಳು ಉಜ್ಜಿನಣ್ಣ. ತಿಂಗಳಿಗೆ ಒಂದೇ ಸಲ ಬರ್ಲಿ ಸಾಕು. ಜೊತೆಗೆ ಅಪ್ಪನೋ ಅವ್ವನೋ ಬಂದೇ ಬರ್ತಾರೆ. ಬರೀ ಫೈಟಿಂಗ್ ಸಿನಿಮಾ. ಕರಾಟೆ, ಕುಂಗ್‌ಫೂ, ಕತ್ತಿ ವರಸೆ. ಅಳೋದಿಲ್ಲ, ಹಾಡಿಲ್ಲ. ಈ ಕಡೆ ಅಂಥ ಟಾಕೀಸು ಇನ್ನೊಂದು ಎಲ್ಲೈತೆ ಹೇಳು?"

"ಇನ್ನೊಂದು ಯಾಕಿಲ್ಲ ಅನ್ನೋದು ಯೋಚನಿ ಮಾಡೀಯೇನಪ?" ಎಂದು ಉಜ್ಜಿನಪ್ಪ ಕೇಳಿದ. ಕೇಳಿದನೇ ಹೊರತು ಆ ಪ್ರಶ್ನೆಗೆ ಅವನೂ ಉತ್ತರ ಹುಡುಕಲಿಲ್ಲ. ಅವನ ಕಣ್ಣು ಆಗಲೇ ಆ ಕಾಗದದ ಮೇಲಿತ್ತು. ಮನುಷ್ಯನಿಗೆ ಬೇಕಾದದ್ದು ಎದುರಿಗೆ ಬಂದಾಗ ಬುದ್ಧಿ ಹಿಂದಿನ ಬಾಗಿಲಿನಿಂದ ಹೋಗಿಬಿಡುತ್ತದೆ, ಉಜ್ಜಿನಪ್ಪನಂಥ ಜಾಣನದ್ದೂ.

ಅವನು ಕೊಟ್ಟೂರಿನ ಗಂಗಾಂಬಿಕಾ ಟಾಕೀಸಿನಲ್ಲಿ ಇಪ್ಪತ್ತೇಳು ವರ್ಷ ಆಪರೇಟರ್ ಆಗಿದ್ದವನು. ಟಾಕೀಸು ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಮಾಲೀಕರಾದ ಸಾಹುಕಾರರು ಅದನ್ನು ಮೆಕ್ಕೆಜೋಳದ ಗೋಡೌನು ಮಾಡಿ, ಉಜ್ಜಿನಪ್ಪನನ್ನೇ ಅದಕ್ಕೆ ಕಾವಲು ಇಟ್ಟಿದ್ದರು. ತೆರೆ ಇದ್ದ ಗೋಡೆಗೆ ಚೀಲಗಳನ್ನು ಒಟ್ಟಿದ್ದನ್ನು ನೋಡುತ್ತ ಅವನು ಹನ್ನೊಂದು ವರ್ಷ ಕುರ್ಚಿ ಹಾಕಿಕೊಂಡು ಕೂತಿದ್ದ. ವಯಸ್ಸು ಐವತ್ತೆಂಟು. ಹೆಂಡತಿ ಸುಂಕಮ್ಮ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಒಬ್ಬಳೇ ಮಗಳನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದರು. ಊಟಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಬೇರೆಯದಕ್ಕೆ, ಅದು ಏನೆಂದು ತಿಳಿಯಬೇಕಾದರೆ ಮೈಕಿನ ಕಥೆ ಹೇಳಬೇಕು.

ಹಿಂದೆ ಆ ಟಾಕೀಸಿನಲ್ಲಿ ಸಂತೆಯ ದಿನ ಮಧ್ಯಾಹ್ನ ಪರದೇಶದ ಹೊಡೆದಾಟದ ಸಿನಿಮಾ ಹಾಕುವ ರೂಢಿ ಇತ್ತು. ಒಂದು ಸಲ ಬಂದ ಪ್ರಿಂಟಿನ ಭಾಷೆ ಯಾವುದೆಂದು ಸಾಹುಕಾರರಿಗೂ ಗೊತ್ತಾಗಲಿಲ್ಲ. ಅರ್ಧ ತಾಸು ಕಳೆಯುವಷ್ಟರಲ್ಲಿ ಜನ ಬೆಂಚು ಬಡಿಯತೊಡಗಿದರು. ಸಾಹುಕಾರರು ಓಡಿ ಬಂದು, ಬೀಡಿ ಸೇದಬೇಡಿ ಎಂದು ಸಾರಲು ಇಟ್ಟಿದ್ದ ಮೈಕನ್ನು ಉಜ್ಜಿನಪ್ಪನ ಕೈಗೆ ತುರುಕಿ, "ಏನರ ಹೇಳಲೇ, ಕುರ್ಚಿ ಉಳಿಸಲೇ" ಎಂದರು. ಉಜ್ಜಿನಪ್ಪ ಹೇಳಿದ. ಅವನಿಗೂ ಆ ಭಾಷೆ ಬರುತ್ತಿರಲಿಲ್ಲ, ಆದ್ದರಿಂದ ಯಾವ ಅಡ್ಡಿಯೂ ಆಗಲಿಲ್ಲ.

"ನೋಡ್ರಪಾ, ಈ ಬಿಳೀ ಗಡ್ಡದಾತ ಬಾಗಳಿ ಅಜ್ಜ. ಇವನ ಹತ್ರ ವಿದ್ಯಾ ಕಲಿಯಾಕ ಬಂದಾನ ನೀಲಗುಂದದ ಬಡವರ ಮಗ. ಅಲ್ಲಿ ರೇಶ್ಮಿ ಅಂಗಿ ಹಾಕ್ಕೊಂಡು ಹಲ್ಲು ಕಿಸೀತಾನಲ್ಲ, ಅವ ಹಿರೇಹಡಗಲಿ ದಲ್ಲಾಳಿ. ತೂಕದಾಗ ಹೊಡಿಯೋ ಮಗ. ಇವತ್ತ ಅವಂಗ ಐತಿ ಹಬ್ಬ."

ಹಿರೇಹಡಗಲಿಯವರು ಬಂದ ದಿನ ದಲ್ಲಾಳಿ ಬೇರೆ ಊರಿನವನಾಗುತ್ತಿದ್ದ. ಬಾಗಳಿಯ ಅಜ್ಜ ಮಾತ್ರ ಎಲ್ಲ ಸಿನಿಮಾದಲ್ಲೂ ಬಾಗಳಿಯವನೇ. ಆದರೆ ಜನ ಬಂದದ್ದು ಇಷ್ಟಕ್ಕೇ ಅಲ್ಲ. ಉಜ್ಜಿನಪ್ಪ ಆಪರೇಟರ್ ರೂಮಿನ ಕಿಂಡಿಯಿಂದ ಕೆಳಗೆ ಕೂತವರನ್ನು ನೋಡಿ ಹೆಸರು ಹಿಡಿದು ಕರೆಯುತ್ತಿದ್ದ. "ಲೇ ಮಾರಣ್ಣ, ಕಾಲು ಕೆಳಗ ಇಡಲೇ, ಮುಂದಿನವನ ಕಿವಿಗೆ ಬಡೀತೈತಿ. ಈಗ ಒದಿ ಬೀಳ್ತೈತಿ ನೋಡು, ಕಣ್ಣು ಮುಚ್ಚಬ್ಯಾಡ." ಮಾರಣ್ಣ ಮಾರ್ಕೆಟ್ ಯಾರ್ಡಿನ ಹಮಾಲ. ಬೆಳಗಿನಿಂದ ಸಂಜೆವರೆಗೆ ಅವನನ್ನು ಎಲ್ಲರೂ "ಏ ಹಮಾಲಿ" ಎನ್ನುತ್ತಿದ್ದರು. ಇಲ್ಲಿ ಅವನ ಹೆಸರು ಇಡೀ ಟಾಕೀಸಿಗೆ ಕೇಳುವ ಹಾಗೆ ದೊಡ್ಡ ಸ್ಪೀಕರ್ ಪೆಟ್ಟಿಗೆಯಲ್ಲಿ ಮೊಳಗುತ್ತಿತ್ತು. ಕಾಲು ಕೆಳಗಿಳಿಸಿ, ಕರೆಯಲಿ ಎಂದೇ ಮತ್ತೆ ಮೇಲಿಡುತ್ತಿದ್ದ.

ಹೇಳುವವನಿಗೂ ಅದರ ರುಚಿ ಹತ್ತಿತ್ತು. ಹನ್ನೊಂದು ವರ್ಷದ ಕೊರತೆ ಎಂದರೆ ಅದು.

ಯುಗಾದಿಯ ಮರುವಾರ ಸಾಹುಕಾರರು ಒಂದು ವರ್ಷದ ಕರಾರಿಗೆ ಒಪ್ಪಿದರು. ಮೂರು ಮಳಿಗೆಯ ಬಾಡಿಗೆ ಎಷ್ಟು ಬರುತ್ತದೋ ಅಷ್ಟು ಟಾಕೀಸು ದುಡಿಯಬೇಕು, ಇಲ್ಲವಾದರೆ ಮುಂದಿನ ಯುಗಾದಿಗೆ ಕಟ್ಟಡ ಕೆಡವಿ ಮಳಿಗೆ ಕಟ್ಟುವುದು. ಮೆಕ್ಕೆಜೋಳದ ಧೂಳು ತೆಗೆಯಲು ಹತ್ತು ದಿನ ಹಿಡಿಯಿತು. ಗೋಡೆಯಲ್ಲಿ ಸೇರಿಕೊಂಡಿದ್ದ ಹುಳ ಕೊನೆಯವರೆಗೂ ಹೋಗಲಿಲ್ಲ. ಕ್ರಾಂತಿಕುಮಾರ್ ಬೆಂಗಳೂರಿನ ಏಜೆಂಟನೊಬ್ಬನಿಂದ ಹನ್ನೊಂದು ಹಳೆಯ ಸಿನಿಮಾಗಳನ್ನು ಕಾಗದಪತ್ರ ಸಮೇತ ತಂದ, ಸಾಲದ ಮೇಲೆ ಪ್ರೊಜೆಕ್ಟರ್ ತಂದ, ನೂರ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ.

ಮೊದಲ ದಿನ ಪುಕ್ಕಟೆ ಪಾಸು. ಬಿಳಿ ಬಟ್ಟೆ ಉಟ್ಟ ಮಕ್ಕಳು ತುಂಬಿ ತುಳುಕಿದರು, ತಂದೆತಾಯಿ ಫೋಟೋ ಹೊಡೆದುಕೊಂಡರು. ಎರಡನೆಯ ದಿನ ಒಂಬತ್ತು ಜನ. ಮೂರನೆಯ ದಿನ ಆರು. ಕ್ರಾಂತಿಕುಮಾರ್ ಮನೆಮನೆಗೆ ಫೋನ್ ಮಾಡಿದ. ಒಬ್ಬ ತಾಯಿ ಅವನಿಗೆ ಬಿಡಿಸಿ ಹೇಳಿದಳು. "ಸರ್, ನಾವು ಕಳಿಸ್ತಿರೋದು ಮೊಬೈಲ್ ಬಿಡ್ಲಿ, ಬೆನ್ನು ನೆಟ್ಟಗಾಗ್ಲಿ ಅಂತ. ಮತ್ತೆ ನೀವೇ ಸಿನಿಮಾ ತೋರಿಸ್ತೀರಾ?" ಬೆಲ್ಟು ಕಟ್ಟಿದ ಇನ್ನೂರ ತೊಂಬತ್ತು ಮಕ್ಕಳಲ್ಲಿ ಹೊಡೆದಾಟದ ಹುಚ್ಚು ಇದ್ದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಆ ಇಪ್ಪತ್ತು ಮಂದಿ ಅದನ್ನು ಫೋನಿನಲ್ಲಿ ಪುಕ್ಕಟೆ ನೋಡುತ್ತಿದ್ದರು. ಕ್ರಾಂತಿಕುಮಾರನ ಮೇಲೆ ನಗುವುದು ಸುಲಭ, ಆದರೆ ಅವನಂತೆ ಲೆಕ್ಕ ಹಾಕದವರು ಯಾರಿದ್ದಾರೆ?

ಇಪ್ಪತ್ತನೆಯ ದಿನವೋ ಏನೋ, ಮಧ್ಯಾಹ್ನದ ಆಟಕ್ಕೆ ಮಾರಣ್ಣ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಗಲ ಮೇಲೆ ಚೀಲ ಹೊತ್ತ ಕಡೆ ಚರ್ಮ ಗಡಸಾಗಿ ಕಪ್ಪಾಗಿತ್ತು. ಮೂರನೆಯ ಸಾಲಿನಲ್ಲಿ ಕೂತು, ಮುಂದಿನ ಕುರ್ಚಿಯ ಮೇಲೆ ಕಾಲು ಚಾಚಿದ. ಹಿಂದಿಯಲ್ಲಿ ಡಬ್ ಆದ ಸಿನಿಮಾ ಹತ್ತು ನಿಮಿಷ ಓಡಿತು. ಮಾರಣ್ಣ ಹಿಂದಕ್ಕೆ ತಿರುಗಿ ಕಿಂಡಿಯ ಕಡೆ ಕೂಗಿದ.

"ಲೇ ಉಜ್ಜಿನಿ! ಬಾಯಿ ಬಿದ್ದೈತೇನಲೇ? ಯಾರಿವ? ಎಲ್ಲ್ಯಾವ? ಹೇಳಲೇ!"

ಉಜ್ಜಿನಪ್ಪ ಸುತ್ತ ನೋಡಿದ. ಮೈಕು ಮೂಲೆಯಲ್ಲಿತ್ತು, ಕ್ರಾಂತಿಕುಮಾರ್ ಉದ್ಘಾಟನೆಗೆ ತಂದದ್ದು. ತೆಗೆದುಕೊಂಡ. ಹನ್ನೊಂದು ವರ್ಷದ ಮೇಲೆ ಮೊದಲ ಮಾತು, "ಕಾಲು ಕೆಳಗ ಇಡಲೇ ಮಾರಣ್ಣ" ಎನ್ನುವುದೇ ಆಗಿತ್ತು. ಕೆಳಗೆ ಇದ್ದ ಏಳು ಜನ ಎದ್ದು ನಿಂತು ಶಿಳ್ಳೆ ಹೊಡೆದರು.

ಒಂದು ತಿಂಗಳಲ್ಲಿ ಮಧ್ಯಾಹ್ನದ ಆಟಕ್ಕೆ ಎಂಬತ್ತು ಜನ ಬರತೊಡಗಿದರು. ಹಮಾಲರು, ಟಂಟಂ ಗಾಡಿಯವರು, ಗಾರೆ ಕೆಲಸದವರು. ಕೂಡ್ಲಿಗಿಯಿಂದ, ಹರಪನಹಳ್ಳಿಯಿಂದ ಬಸ್ಸು ಹಿಡಿದು ಬಂದವರೂ ಇದ್ದರು. ಎಲ್ಲರೂ ನಲವತ್ತು ದಾಟಿದವರು. ಟಿಕೆಟು ಕೊಡುವಾಗ ಕ್ರಾಂತಿಕುಮಾರ್ ಅವರ ಹೆಸರು ಕೇಳಿ ಚೀಟಿಯಲ್ಲಿ ಬರೆದು ಮೇಲಕ್ಕೆ ಕಳಿಸುತ್ತಿದ್ದ. ಅವನು ಕಂಡಿದ್ದ ಕನಸಿಗೂ ಈ ಜನಕ್ಕೂ ಸಂಬಂಧವೇ ಇರಲಿಲ್ಲ, ಆದರೆ ಗಲ್ಲಾಪೆಟ್ಟಿಗೆಗೆ ಅದು ಗೊತ್ತಾಗುವುದಿಲ್ಲವಲ್ಲ. ಆಷಾಢದ ಹೊತ್ತಿಗೆ ಟಾಕೀಸು ಮೂರು ಮಳಿಗೆಯ ಬಾಡಿಗೆಯನ್ನು ದಾಟಿತು.

ಅದೇ ಆಷಾಢದಲ್ಲಿ ಉಜ್ಜಿನಪ್ಪನ ದನಿ ಒಡೆಯಿತು. ಮೊದಲು ಧೂಳು ಎಂದ. ಆಮೇಲೆ ಚಹಾ ಹೆಚ್ಚಾಯಿತು ಎಂದ. ನುಂಗುವಾಗ ಚುಚ್ಚತೊಡಗಿದ ಮೇಲೆ ಯಾರಿಗೂ ಹೇಳದೆ ದಾವಣಗೆರೆಗೆ ಹೋದ. ಗಂಟಲ ಡಾಕ್ಟರು ಒಳಗೆ ನಳಿಕೆ ಹಾಕಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಎಂಟು ದಿನ ಬಿಟ್ಟು ಕರೆದರು. ಡಾಕ್ಟರು ಒಳ್ಳೆಯ ಮನುಷ್ಯ, ಮಾತು ಸುತ್ತಿ ಬಳಸಿ ಆಡಲಿಲ್ಲ.

"ಕ್ಯಾನ್ಸರ್ ಇದೆ. ಇನ್ನೂ ಸಣ್ಣದು. ಈಗಲೇ ಬಂದು ಸೇರಿದ್ರೆ ರೇಡಿಯೇಷನ್ ಕರೆಂಟ್ ಕೊಟ್ಟು ದನಿ ಉಳಿಸಬಹುದು. ತಡ ಮಾಡಬೇಡಿ."

"ಎಷ್ಟು ದಿನ ಆಗತೈತ್ರಿ ಸರ್?"

"ಏಳು ವಾರ. ಆಮೇಲೆ ಮೂರ್ನಾಲ್ಕು ತಿಂಗಳು ಮಾತು ಕಮ್ಮಿ."

"ದೀಪಾವಳಿ ಮುಗಿಸ್ಕೊಂಡು ಬರ್ಲೇನ್ರಿ?"

ಡಾಕ್ಟರು ಕನ್ನಡಕ ತೆಗೆದರು. "ಆಗ ದನಿ ಉಳಿಸೋ ಮಾತು ಬರಲ್ಲ ಯಜಮಾನ್ರೇ. ಜೀವ ಉಳಿಸೋ ಮಾತು ಮಾತ್ರ. ಅಲ್ಲಿವರೆಗೆ ಮಾತು ಎಷ್ಟು ಕಮ್ಮಿ ಆಡ್ತೀರೋ ಅಷ್ಟು ಒಳ್ಳೇದು."

ಕೊಟ್ಟೂರಿನ ಬಸ್ಸಿನಲ್ಲಿ ಕೂತು ಉಜ್ಜಿನಪ್ಪ ತನ್ನ ಲೆಕ್ಕ ಹಾಕಿದ. ಈಗ ಮೈಕು ಬಿಟ್ಟರೆ ಆರು ತಿಂಗಳು ಟಾಕೀಸು ಖಾಲಿ. ಕರಾರು ಮುಗಿಯುವ ಹೊತ್ತಿಗೆ ಕಟ್ಟಡ ನೆಲಕ್ಕೆ. ದನಿ ಉಳಿಸಿಕೊಂಡು ಬಂದರೂ ಅದನ್ನು ಕೇಳಲು ಗೋಡೆಯೂ ಇರುವುದಿಲ್ಲ. ಮತ್ತೆ ಯಾವುದೋ ಗೋಡೌನಿನ ಮುಂದೆ ಕುರ್ಚಿ ಹಾಕಿಕೊಂಡು ಕೂರಬೇಕು. ಇದಕ್ಕೆ ದುಡ್ಡಿನ ಆಸೆ ಎಂದು ಹೆಸರಿಡುವವರು ಇಡಲಿ. ದುಡ್ಡಿನ ಆಸೆಯಾಗಿದ್ದರೆ ಖಂಡಿತವಾಗಿ ಅವನು ಆಸ್ಪತ್ರೆಗೆ ಸೇರುತ್ತಿದ್ದ. ಎಂಬತ್ತು ಜನ ತನ್ನ ಬಾಯಿ ನೋಡುತ್ತ ಕೂರುವುದನ್ನು ಬಿಟ್ಟು ಬದುಕುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ, ಅಷ್ಟೇ.

ಡಾಕ್ಟರು ಹೇಳಿದ್ದರಲ್ಲಿ ಒಂದನ್ನು ಮಾತ್ರ ಅವನು ಚಾಚೂ ತಪ್ಪದೆ ನಡೆಸಿದ. ಮಾತು ಕಮ್ಮಿ ಮಾಡಿದ. ಎಲ್ಲಿ? ಮನೆಯಲ್ಲಿ.

ಶ್ರಾವಣ ಹತ್ತಿರ ಬಂದಿತ್ತು. ಆ ತಿಂಗಳಲ್ಲಿ ಮೌನವ್ರತ ಹಿಡಿಯುವವರು ಊರಲ್ಲಿ ಇದ್ದೇ ಇರುತ್ತಾರೆ. ಉಜ್ಜಿನಪ್ಪ ಸುಂಕಮ್ಮನಿಗೆ, ತಾನೂ ಮಠದಲ್ಲಿ ಹರಕೆ ಹೊತ್ತಿದ್ದೇನೆ, ಟಾಕೀಸು ಉಳಿಯುವವರೆಗೆ ಮನೆಯಲ್ಲಿ ಮೌನ ಎಂದ. ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಮೊದಲ ಸೋಮವಾರ ಅವನ ಹೆಸರಿನಲ್ಲಿ ಕಾಯಿ ಒಡೆಸಿದಳು. ಅವನು ಬೆಳಿಗ್ಗೆ ಎದ್ದರೆ ಕೈಸನ್ನೆಯಲ್ಲಿ ನೀರು ಕೇಳುತ್ತಿದ್ದ, ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರೆ ರೊಟ್ಟಿ ಸಾಕು ಎಂದರ್ಥ. ಮಗಳ ಫೋನು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ.

ಹದಿನೈದು ದಿನಕ್ಕೆ ಖಾನಾವಳಿಯವಳು ಸುಂಕಮ್ಮನಿಗೆ ನಗುತ್ತ ಹೇಳಿದಳು, "ನಿನ್ನ ಗಂಡಂದು ಏನ್ ಬಾಯಿ ಅಂತಿ! ನಿನ್ನೆ ಆಟದಾಗ ನಮ್ಮನಿಯವರ ಹೆಸರು ಮೂರು ಸಲ ಕರದಾನಂತ." ಸುಂಕಮ್ಮನ ಕೈಯಲ್ಲಿದ್ದ ರೊಟ್ಟಿ ಬುಟ್ಟಿ ಹಾಗೇ ಉಳಿಯಿತು. ಮನೆಗೆ ಬಂದು ಗಂಡನೆದುರು ನಿಂತಳು.

"ದೇವರ ಮುಂದಿನ ಮೌನ ಮನಿಗಷ್ಟೇ ಏನ್ರಿ?"

ಅವನು ಪಿಸುದನಿಯಲ್ಲಿ, "ಅದು ಕೆಲಸ. ಕೆಲಸಕ್ಕ ವ್ರತ ಹತ್ತಂಗಿಲ್ಲ" ಎಂದ. ಉಪವಾಸ ಹಿಡಿದವರು ಚಹಾ ಕುಡಿದ ಹಾಗೆ ಎಂದೂ ಸೇರಿಸಿದ. ಅವಳು ಒಪ್ಪಲಿಲ್ಲ, ಜಗಳವನ್ನೂ ಆಡಲಿಲ್ಲ. ಒಬ್ಬಳೇ ಎಷ್ಟು ಜಗಳ ಆಡಿಯಾಳು? ಅಂದಿನಿಂದ ಅವಳು ಹಂಚಿನ ಮುಂದೆ ಕೂತು ತನ್ನಷ್ಟಕ್ಕೆ ತಾನೇ ಮಾತಾಡುವ ರೂಢಿ ಮಾಡಿಕೊಂಡಳು. ಹಿಟ್ಟಿನ ಬೆಲೆ, ಮಗಳ ಅತ್ತೆಯ ಮಾತು, ಮೊಣಕಾಲ ನೋವು. ಉಜ್ಜಿನಪ್ಪ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳುತ್ತಿದ್ದ. ಹೂಂ ಎನ್ನಲೂ ದನಿ ಖರ್ಚಾಗುತ್ತದೆ ಎಂದು ಸುಮ್ಮನಿರುತ್ತಿದ್ದ.

ಶ್ರಾವಣ ಮುಗಿಯಿತು, ದಸರಾ ಮುಗಿಯಿತು. ದೀಪಾವಳಿಯ ಹೊತ್ತಿಗೆ ಅವನ ದನಿ ಹಳೆಯ ಬಾಗಿಲು ಕಿರುಗುಟ್ಟಿದಂತೆ ಆಯಿತು. ಜನ ಆಗಲೂ ಬಂದರು, ಆದರೆ ಕಿವಿಗೊಟ್ಟು ಕೇಳಬೇಕಾಯಿತು. ಅವನು ಕ್ರಾಂತಿಕುಮಾರನಿಗೆ ಆಪರೇಷನ್ ಇದೆ ಎಂದಷ್ಟೇ ಹೇಳಿದ. ಕ್ರಾಂತಿಕುಮಾರ್ ಹೆದರಿದ, ಆಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು.

"ಅಣ್ಣ, ಇರೋ ದನಿಲೇ ಹನ್ನೊಂದು ಸಿನಿಮಾನೂ ಹೇಳಿ ಮುಗಿಸು. ರೆಕಾರ್ಡ್ ಮಾಡ್ಕೋತೀನಿ. ನೀನು ಆಸ್ಪತ್ರೆಗೆ ಹೋಗು, ಆಟ ನಡೀತಾ ಇರ್ತದೆ."

ಬೆಳಗಿನ ಹೊತ್ತು, ಖಾಲಿ ಟಾಕೀಸಿನಲ್ಲಿ ರೆಕಾರ್ಡಿಂಗ್ ಶುರುವಾಯಿತು. ಮೊದಲ ದಿನ ಉಜ್ಜಿನಪ್ಪನಿಗೆ ಬಾಯೇ ಬರಲಿಲ್ಲ. ಕಿಂಡಿಯಿಂದ ನೋಡಿದರೆ ಬರೀ ಕುರ್ಚಿಗಳು. ಬಾಗಳಿ ಅಜ್ಜ ಸಪ್ಪೆಯಾದ, ದಲ್ಲಾಳಿ ಸಪ್ಪೆಯಾದ. ಎರಡನೆಯ ದಿನ ಅವನು ಕಣ್ಣು ಮುಚ್ಚಿ, ಯಾರು ಯಾವ ಸಾಲಿನಲ್ಲಿ ಕೂರುತ್ತಾರೆಂದು ನೆನೆಸಿಕೊಂಡ. ಅಲ್ಲಿಗೆ ದಾರಿ ಸಿಕ್ಕಿತು. "ಲೇ ಪಾಲಾಕ್ಷಪ್ಪ, ನಿದ್ದಿ ಸಾಕು ಏಳು. ಮಾರಣ್ಣ, ಈ ಹೊಡ್ತ ನೋಡು, ನಿನ್ನ ಚೀಲ ಎತ್ತೋ ಕೊಕ್ಕಿಗಿಂತ ಚೂಪೈತಿ." ಹನ್ನೊಂದು ಸಿನಿಮಾದಲ್ಲೂ ಎಲ್ಲರನ್ನೂ ಕರೆದ. ಎಲ್ಲರಿಗಿಂತ ಹೆಚ್ಚು ಸಲ ಮಾರಣ್ಣನನ್ನು. ಕೊನೆಯ ಸಿನಿಮಾ ಮುಗಿಸುವಾಗ ಅವನ ಕರ್ಚೀಫಿನಲ್ಲಿ ರಕ್ತವಿತ್ತು.

ದಾವಣಗೆರೆಗೆ ಈ ಸಲ ಸುಂಕಮ್ಮನೂ ಹೋದಳು. ಗಂಡ ವ್ರತ ಕೆಡಿಸಿದ, ಅದಕ್ಕೇ ಗಂಟಲು ಹೋಯಿತು ಎಂದು ಅವಳ ನಂಬಿಕೆ. ಆಪರೇಷನ್ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ತಪ್ಪು ತನ್ನ ಮೇಲೆ ಹಾಕು ತಂದೆ ಎಂದು ಬೇಡಿಕೊಂಡಿದ್ದಳು. ಡಾಕ್ಟರು ಹೊರಗೆ ಬಂದು, ಜೀವಕ್ಕೆ ಅಪಾಯವಿಲ್ಲ, ಧ್ವನಿಪೆಟ್ಟಿಗೆ ತೆಗೆದಿದ್ದೇವೆ, ಕುತ್ತಿಗೆಯಲ್ಲಿ ತೂತು ಇರುತ್ತದೆ, ಉಸಿರು ಅದರಲ್ಲೇ ಎಂದರು. ಆಮೇಲೆ, ಅವಳಿಗೆ ಗೊತ್ತಿದೆ ಎಂದುಕೊಂಡು, "ಶ್ರಾವಣಕ್ಕೆ ಮುಂಚೆ ಹೇಳಿದಾಗಲೇ ಬಂದಿದ್ರೆ ಮಾತು ಉಳೀತಿತ್ತಮ್ಮ" ಎಂದು ಹೋದರು.

ಸುಂಕಮ್ಮ ಅದನ್ನು ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ತೂತಿನ ಸುತ್ತ ಒರೆಸಿದಳು, ಗಂಜಿ ಕುಡಿಸಿದಳು, ಮಗಳು ಬಂದಾಗ ಅತ್ತಳು. ಬರೆದು ಹೇಳಲಿ ಎಂದು ಅವನಿಗೆ ಮಕ್ಕಳ ಪಾಟಿಯೊಂದು ಕೊಂಡು ತಂದಳು. ಕರೆಂಟ್ ಕೊಡಲೆಂದು ಸಂಕ್ರಾಂತಿ ದಾಟುವವರೆಗೆ ಅವನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಈಗ ಅವಳೂ ಮಾತಾಡುತ್ತಿರಲಿಲ್ಲ. ಹಂಚಿನ ಮುಂದೆ ಆಡುತ್ತಿದ್ದಂಥ ಮಾತೂ ನಿಂತಿತ್ತು. ಉಜ್ಜಿನಪ್ಪ ಅದನ್ನು ದಣಿವು ಎಂದುಕೊಂಡ.

ಇತ್ತ ಟಾಕೀಸಿನಲ್ಲಿ ರೆಕಾರ್ಡು ಓಡುತ್ತಿತ್ತು. ಜನಕ್ಕೆ ಮೊದಮೊದಲು ಅದೊಂದು ಮೋಜು. ಮನುಷ್ಯ ಆಸ್ಪತ್ರೆಯಲ್ಲಿ, ದನಿ ಮಾತ್ರ ಇಲ್ಲಿ ಕೂತು ಬೈಯುತ್ತಿದೆ! ಪಾಲಾಕ್ಷಪ್ಪ ನಿದ್ದೆ ಮಾಡದಿದ್ದರೂ ಬೈಗುಳ ಬೀಳುತ್ತಿತ್ತು, ಅದಕ್ಕೂ ನಗು. ಸಂಕ್ರಾಂತಿಯ ವಾರ ಎಂದೂ ಇಲ್ಲದಷ್ಟು ಟಿಕೆಟು ಹೋಯಿತು. ಹೊಡೆದಾಟದ ಹುಚ್ಚರಿಗೆಂದೇ ಟಾಕೀಸು ನಡೆಸಿದರೆ ಲಾಭ ಬರುತ್ತದೆಯೇ ಎಂದು ಕೇಳುವವರಿಗೆ ಹೇಳುತ್ತೇನೆ, ಬರುತ್ತದೆ. ಕೊಟ್ಟೂರಿನಲ್ಲಿ ಬಂದಿತ್ತು. ಕ್ರಾಂತಿಕುಮಾರ್ ಆಸ್ಪತ್ರೆಗೆ ಬಂದು ಉಜ್ಜಿನಪ್ಪನ ಕೈಯಲ್ಲಿ ಅವನ ಪಾಲು ಇಟ್ಟು ಹೋದ.

ಮರುವಾರ ಯಾರ್ಡಿನಲ್ಲಿ ಶೇಂಗಾ ಚೀಲ ಹೊತ್ತು ಲಾರಿ ಹತ್ತುತ್ತಿದ್ದ ಮಾರಣ್ಣ ಎದೆ ಹಿಡಿದು ಕೂತ. ಮತ್ತೆ ಏಳಲಿಲ್ಲ. ಐವತ್ತಾರು ವರ್ಷ. ಹಮಾಲರೆಲ್ಲ ಮೂರು ದಿನ ಕೆಲಸಕ್ಕೂ ಹೋಗಲಿಲ್ಲ, ಆಟಕ್ಕೂ ಬರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಬಂದರು. ಮನಸ್ಸು ಹಗುರಾಗಲಿ ಎಂದೇ ಬಂದರು. ಮೂರನೆಯ ಸಾಲಿನ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.

ಕ್ರಾಂತಿಕುಮಾರನಿಗೆ ಹೊಳೆಯಲೇ ಇಲ್ಲ. ಯಾರಿಗೂ ಹೊಳೆದಿರಲಿಲ್ಲ. ಸಿನಿಮಾ ಶುರುವಾಗಿ ಕಾಲು ತಾಸಿಗೆ ಪೆಟ್ಟಿಗೆ ಗದರಿತು, "ಲೇ ಮಾರಣ್ಣ, ಕಾಲು ಕೆಳಗ ಇಡಲೇ." ಎಂಬತ್ತು ತಲೆ ಆ ಕುರ್ಚಿಯ ಕಡೆ ತಿರುಗಿದವು. ಕ್ರಾಂತಿಕುಮಾರ್ ಮೇಲಕ್ಕೆ ಓಡಿ ನಿಲ್ಲಿಸುವಷ್ಟರಲ್ಲಿ ಮತ್ತೊಂದು ಸಲ ಕರೆದಾಗಿತ್ತು.

ಮರುದಿನ ಬೆಳಿಗ್ಗೆ ಮಾರಣ್ಣನ ಹೆಂಡತಿ ಹುಲುಗಮ್ಮ ಉಜ್ಜಿನಪ್ಪನ ಮನೆಗೆ ಬಂದಳು. ಅವನು ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು. ಅವಳು ಒಳಗೆ ಬರಲಿಲ್ಲ, ಸೂತಕ ಎಂದು ಹೊಸ್ತಿಲಾಚೆ ಕೂತಳು.

"ಯಣ್ಣಾ, ನೀ ಕರಿಯೋದು ಬಿಡು. ಅವ ಹೋಗಬೇಕು. ಹೆಸರು ಹಿಡಿದು ಕರದ್ರ ಹೋಗೋ ಜೀವ ತಿರುಗಿ ನಿಲ್ತೈತಿ. ಅವ ಬದುಕಿದಾಗ ನಿನ್ನ ಮಾತು ಮೀರಿದಾವಲ್ಲ. ಈಗೂ ನೀ ಕರದ್ರ ಬಂದು ಕುಂದರ್ತಾನ."

ಉಜ್ಜಿನಪ್ಪ ಪಾಟಿ ಹುಡುಕಿದ. ಹುಲುಗಮ್ಮನಿಗೆ ಓದಲು ಬರುತ್ತಿರಲಿಲ್ಲ. ನಾನಲ್ಲ, ಅದು ಮೆಷಿನ್ನು ಎಂದು ಹೇಗೆ ಹೇಳುವುದು? ಹೇಳಿದರೂ ಅದು ನಿಜವೇ? ಅವನು ಎರಡೂ ಕೈ ಜೋಡಿಸಿದ. ಅವಳು ಆ ಕುತ್ತಿಗೆಯ ತೂತನ್ನು ನೋಡಿ ಸೆರಗು ಬಾಯಿಗೆ ಹಿಡಿದುಕೊಂಡು ಎದ್ದು ಹೋದಳು.

ಕ್ರಾಂತಿಕುಮಾರ್ ಎರಡು ದಿನ ಕೂತು ಕಂಪ್ಯೂಟರಿನಲ್ಲಿ ಮಾರಣ್ಣನ ಹೆಸರನ್ನೆಲ್ಲ ತೆಗೆದ. ಅದು ಇನ್ನೂ ಕೆಟ್ಟದಾಯಿತು. ಹೆಸರಿದ್ದ ಜಾಗದಲ್ಲಿ ದನಿ ಕತ್ತರಿಸಿ ಸುಮ್ಮನಾಗುತ್ತಿತ್ತು. ಪ್ರತಿ ಸಲ ಸುಮ್ಮನಾದಾಗಲೂ ಎಲ್ಲರಿಗೂ ಅವನ ಹೆಸರೇ ಕೇಳುತ್ತಿತ್ತು. ಆಮೇಲೆ ಪಾಲಾಕ್ಷಪ್ಪ ಬಂದು, "ಸರ್, ನನ್ನ ಹೆಸರೂ ತಗದುಬಿಡ್ರಿ" ಎಂದ. ಕಾರಣ ಹೇಳಲಿಲ್ಲ. ಅವನ ಹಿಂದೆ ಮತ್ತೊಬ್ಬ, ಮಗದೊಬ್ಬ. ಹೆಸರು ಕರೆಯಲೆಂದು ಬಸ್ಸು ಹಿಡಿದು ಬಂದವರೇ ಈಗ ತಮ್ಮ ಹೆಸರು ಆ ಪೆಟ್ಟಿಗೆಯಲ್ಲಿ ಇರಬಾರದು ಎಂದರು. ತೆಗೆದು ತೆಗೆದು ಉಳಿದದ್ದು ಬಾಗಳಿ ಅಜ್ಜ, ದಲ್ಲಾಳಿ, ನಡುವೆ ಸುಮ್ಮನಿರುವಿಕೆ. ಶಿವರಾತ್ರಿಯ ಹೊತ್ತಿಗೆ ಮಧ್ಯಾಹ್ನದ ಆಟಕ್ಕೆ ಎಂಟು ಜನ. ಸಾಹುಕಾರರು ಯುಗಾದಿಯವರೆಗೂ ಕಾಯಲಿಲ್ಲ, ಗಾರೆ ಮೇಸ್ತ್ರಿಯನ್ನು ಕರೆಸಿ ಗೋಡೆ ಅಳೆಸಿದರು.

ಪ್ರೊಜೆಕ್ಟರ್ ಬಿಚ್ಚುವ ದಿನ ಕ್ರಾಂತಿಕುಮಾರ್ ಮನೆಗೆ ಬಂದ. ಕತ್ತರಿಸದ ಮೊದಲಿನ ರೆಕಾರ್ಡು ತನ್ನ ಹತ್ತಿರ ಇದೆ, ಏನು ಮಾಡಲಿ ಎಂದು ಕೇಳಿದ. ಉಜ್ಜಿನಪ್ಪ ಪಾಟಿಯ ಮೇಲೆ, "ಎಲ್ಲಾ ಅಳಿಸು" ಎಂದು ಬರೆದ. ಆಗ ಒಳಗಿನಿಂದ ಸುಂಕಮ್ಮ ಬಂದಳು.

"ಅಳಸೋಕಿಂತ ಮೊದ್ಲು ನನಗೊಮ್ಮಿ ಕೇಳಸಪ. ನಾ ಕೇಳೇ ಇಲ್ಲ."

ಗಂಡಸರ ಆಟ ಎಂದು ಅವಳು ಎಂದೂ ಆ ಟಾಕೀಸಿನ ಒಳಗೆ ಕಾಲಿಟ್ಟಿರಲಿಲ್ಲ. ಮೂವರೂ ಹೋದರು. ಮಧ್ಯಾಹ್ನದ ಹೊತ್ತು, ಅರ್ಧ ಕುರ್ಚಿಗಳನ್ನು ಆಗಲೇ ಒಂದರ ಮೇಲೊಂದು ಪೇರಿಸಿದ್ದರು. ಸುಂಕಮ್ಮ ಹಿಂದಿನ ಸಾಲಿನಲ್ಲಿ ಕೂತಳು, ಪಕ್ಕದಲ್ಲಿ ಉಜ್ಜಿನಪ್ಪ. ಕ್ರಾಂತಿಕುಮಾರ್ ಒಂದು ಸಿನಿಮಾ ಹಾಕಿ ಹೊರಗೆ ಹೋದ.

ದನಿ ಬಂತು. ಒಡೆದಿತ್ತು, ಆದರೂ ಜೀವವಿತ್ತು. ಬೈಯಿತು, ನಗಿಸಿತು, ನೀಲಗುಂದದ ಹುಡುಗ ಏಟು ತಿಂದಾಗ ಮರುಗಿತು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಮಾತಾಡಿಸಿತು. ಊಟ ಆಯ್ತೇನಲೇ ಎಂದು ಒಬ್ಬನನ್ನು ಕೇಳಿತು, ಮಗಳ ಬಾಣಂತನ ಚಲೋ ಆತಿಲ್ಲೋ ಎಂದು ಇನ್ನೊಬ್ಬನನ್ನು. ಸುಂಕಮ್ಮ ಒಂದು ಸಲವೂ ನಗಲಿಲ್ಲ. ಎರಡು ತಾಸು ತೆರೆಯನ್ನೂ ನೋಡಲಿಲ್ಲ, ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದಳು. ಉಜ್ಜಿನಪ್ಪನಿಗೆ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. ತಾನು ಮುಚ್ಚಿಟ್ಟದ್ದು ಅವಳಿಗೆ ಗೊತ್ತಿದೆ ಎನ್ನುವುದು ಅವನಿಗೆ ಆಗ ಗೊತ್ತಾಯಿತು.

ಸಿನಿಮಾ ಮುಗಿದು ತೆರೆ ಬಿಳಿಯಾಯಿತು.

"ಮಾರಣ್ಣನ್ನ ಹದಿನೇಳು ಸಲ ಕರದ್ರಿ. ಎಣಿಸೀನಿ" ಎಂದಳು ಸುಂಕಮ್ಮ. ಅವನ ಕಡೆ ತಿರುಗಿ ಹೇಳಿದಳು, "ಡಾಕ್ಟ್ರು ನನಗ ಹೇಳ್ಯಾರ. ಶ್ರಾವಣಕ್ಕ ಮೊದ್ಲ ನಿಮಗ ಗೊತ್ತಿತ್ತಂತ. ಇರೋ ಮಾತು ಉಳಿಸಿ ಉಳಿಸಿ ಇಲ್ಲಿ ತಂದು ಇಟ್ರಿ. ಇಟ್ಟಿರಿ, ಇಡ್ರಿ. ನಿಮ್ಮ ಮಾತು, ನಿಮ್ಮ ಗಂಟಲಾ. ಆದ್ರ ಮೂರು ತಿಂಗಳು ಹಂಚಿನ ಮುಂದ ಕುಂತು ನಾ ಒಬ್ಬಾಕಿನ ಮಾತಾಡಿದೆ. ಒಂದು ಹೂಂ ಅನ್ನಲಿಲ್ಲ ನೀವು. ನಿಮ್ಮ ದನಿ ಕಡೀಗೆ ಹೆಂಗಿತ್ತು ಅನ್ನೋದು ನನಗ ಇವತ್ತ ಗೊತ್ತಾತು."

ಉಜ್ಜಿನಪ್ಪನ ಕುತ್ತಿಗೆಯ ತೂತಿನಿಂದ ಗಾಳಿ ಸುಯ್ ಎಂದು ಬಂತು. ಅವನು ಅಳುತ್ತಿದ್ದ. ಅಳುವಿಗೂ ಈಗ ಅಷ್ಟೇ ಸದ್ದು. ಪಾಟಿ ತೆಗೆದು, "ತಪ್ಪಾತು" ಎಂದು ಬರೆದು ಅವಳ ಮುಂದೆ ಹಿಡಿದ.

ನಾಲ್ಕನೆಯ ಇಯತ್ತೆ ಓದಿದ ಸುಂಕಮ್ಮ ಅಕ್ಷರ ಕೂಡಿಸಿ ಓದಿದಳು. ಸೆರಗಿನ ತುದಿಯಿಂದ ಅದನ್ನು ಒರೆಸಿ ಪಾಟಿಯನ್ನು ಅವನ ತೊಡೆಯ ಮೇಲೆ ತಿರುಗಿ ಇಟ್ಟಳು.

"ಇವತ್ತ ಸಂಜಿಗೆ ಏನ್ ಮಾಡ್ಲಿ? ಬರೀರಿ."

ಅವನು ಬಳಪ ತೆಗೆದುಕೊಂಡು, ಗಂಜಿ ಎಂದು ಬರೆದ. ಅವನು ಬೇರೆ ಏನನ್ನೂ ನುಂಗಲಾರ ಎನ್ನುವುದು ಅವಳಿಗೂ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದಳು.